ಎಂಆರ್‌ಐ ನಾರ್ಮಲ್, ಆದರೆ ತಲೆ ಬಾಚಿದರೂ ನೋವು. ಯಾಕೆ?

ನಿದ್ದೆಗೆಟ್ಟವಳು:
ಮೈಗ್ರೇನ್ ಮೊದಲು ಅಪರೂಪಕ್ಕೆ ಬರುತ್ತಿತ್ತು. ಈಗ ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ತಲೆನೋವೇ. ಜೋರಾದಾಗ ಬಾಚಣಿಗೆ ತಾಗಿದರೂ ಉರಿ, ಕನ್ನಡಕದ ಕಡ್ಡಿ ಕಿವಿ ಮೇಲೆ ಕೂತರೂ ತಡೆಯೋಕಾಗಲ್ಲ. ಎಂಆರ್‌ಐನಲ್ಲಿ ಏನೂ ಇಲ್ಲ. ಮನೆಯವರು "ಸುಮ್ನೆ ಟೆನ್ಷನ್ ಮಾಡ್ಕೋತೀಯ" ಅಂತಾರೆ. ಮಿದುಳಿಗೆ ನೋವೇ ಗೊತ್ತಾಗುವುದಿಲ್ಲವಂತೆ. ಹಾಗಾದರೆ ನೋಯುತ್ತಿರುವುದು ಯಾವುದು?

ನರದಾರಿ:
ಮಿದುಳಿನ ಒಳಗೆ ನೋವು ಹಿಡಿಯುವ ನರತುದಿಗಳಿಲ್ಲ, ನಿಜ. ಅದರ ಸುತ್ತಲಿನ ಪೊರೆಯಲ್ಲಿ, ಅಲ್ಲಿನ ರಕ್ತನಾಳಗಳಲ್ಲಿ ಬೇಕಾದಷ್ಟಿವೆ. ಅಲ್ಲಿಂದ ಟ್ರೈಜೆಮಿನಲ್ ನರ (ಮುಖ, ತಲೆಯ ಸ್ಪರ್ಶ ಮತ್ತು ನೋವನ್ನು ಒಯ್ಯುವ ನರ) ಸುದ್ದಿಯನ್ನು ಮಿದುಳಿನ ಬುಡದಲ್ಲಿರುವ ಕಾಂಡಕ್ಕೆ ಮುಟ್ಟಿಸುತ್ತದೆ. ಮೈಗ್ರೇನ್ ಬಂದಾಗ ಈ ತುದಿಗಳಿಂದ ಸಿಜಿಆರ್‌ಪಿ ಅನ್ನೋ ರಾಸಾಯನಿಕ ಹೊರಬರುತ್ತದೆ. ಪದೇ ಪದೇ ಹೀಗಾದರೆ ಕಾಂಡದಲ್ಲಿರುವ ನರಕೋಶಗಳು ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಸಣ್ಣದಕ್ಕೂ ಸಿಡಿಯತೊಡಗುತ್ತವೆ, ಮತ್ತೆ ಹಣೆ, ನೆತ್ತಿಯ ಚರ್ಮದ ಸುದ್ದಿಯೂ ಬಂದು ಸೇರುವುದು ಅದೇ ಕೋಶಗಳಿಗೆ ಆದ್ದರಿಂದ ಬಾಚಣಿಗೆಯ ಸ್ಪರ್ಶವೂ ನೋವಾಗಿಬಿಡುತ್ತದೆ. ಇದಕ್ಕೆ ಅಲೊಡೀನಿಯಾ ಅಂತಾರೆ. ಕುತ್ತಿಗೆಯ ಮೇಲಿನ ನರಗಳೂ ಅಲ್ಲೇ ಸೇರುತ್ತವೆ, ಕತ್ತು ಹಿಡಿದುಕೊಳ್ಳುವುದು ಅದಕ್ಕೇ. ನಿಮ್ಮ ಎಂಆರ್‌ಐ ತೋರಿಸಿದ್ದು ಮಿದುಳಿನ ರಚನೆಯನ್ನು. ಕೋಶಗಳ ಈ ಸಿಡುಕು ಅದರಲ್ಲಿ ಕಾಣುವುದಿಲ್ಲ.

ಕತ್ತಲಕೋಣೆ:
ನೋವಿನ ಮಾತ್ರೆ ತಿಂಗಳಲ್ಲಿ ಎಷ್ಟು ದಿನ ತಗೋತೀರಿ? ಪ್ಯಾರಸಿಟಮಾಲ್ ಥರದ್ದು 15 ದಿನ, ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಮಾತ್ರೆ ಆದರೆ 10 ದಿನ, ಅದಕ್ಕಿಂತ ಜಾಸ್ತಿ ತಿಂಗಳುಗಟ್ಟಲೆ ನಡೆದರೆ ಮಾತ್ರೆಯೇ ತಲೆನೋವನ್ನು ಬೆಳೆಸಬಹುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ ಅನ್ನೋದೇ ನನ್ನ ಸಿಟ್ಟು.

ನಿದ್ದೆಗೆಟ್ಟವಳು:
ದಿನ ಬಿಟ್ಟು ದಿನ, ಕೆಲವು ವಾರ ದಿನಾ. ಹಾಗಾದರೆ ಈ ಸಿಡುಕು ಶಾಶ್ವತನಾ?

ನರದಾರಿ:
ಅಲ್ಲ. ಎಷ್ಟೋ ಜನಕ್ಕೆ ಮತ್ತೆ ಅಪರೂಪದ ಮೈಗ್ರೇನ್‌ಗೆ ಇಳಿಯುತ್ತದೆ. ನೋವಿಗೆ ಕಡಿವಾಣ ಹಾಕುವ ವ್ಯವಸ್ಥೆಯೂ ಮಿದುಳಿನಲ್ಲೇ ಇದೆ. ನಿದ್ದೆಗೆಟ್ಟರೆ, ಒತ್ತಡ ಹೆಚ್ಚಿದರೆ ಅದು ಸಡಿಲವಾಗುತ್ತದೆ, ಮನೆಯವರ ಮಾತಿನಲ್ಲಿ ಅಷ್ಟು ಮಾತ್ರ ಸತ್ಯ. ನೋವು ಕಲ್ಪನೆಯಲ್ಲ. ತಡೆಗಟ್ಟಲು ಅಮಿಟ್ರಿಪ್ಟಿಲಿನ್, ಟೋಪಿರಮೇಟ್ ಥರದ ಔಷಧಿಗಳಿವೆ, 2018ರಿಂದ ಸಿಜಿಆರ್‌ಪಿಯನ್ನೇ ತಡೆಯುವ ಇಂಜೆಕ್ಷನ್‌ಗಳೂ ಬಂದಿವೆ. ಯಾವುದು ಅನ್ನೋದನ್ನು ನರರೋಗ ತಜ್ಞರು ಹೇಳಲಿ, ನೋವಿನ ಮಾತ್ರೆ ನಿಲ್ಲಿಸುವುದನ್ನೂ ಅವರನ್ನು ಕೇಳಿಯೇ ಮಾಡಿ.

ಕತ್ತಲಕೋಣೆ:
ಒಂದು ಡೈರಿ ಇಡಿ. ನೋವು ಬಂದ ದಿನ, ಮಾತ್ರೆ ತಗೊಂಡ ದಿನ, ಅಷ್ಟು ಸಾಕು. ಆದರೆ ಸಿಡಿಲು ಬಡಿದಂತೆ ಒಮ್ಮೆಲೇ ನೋವು ಬಂದರೆ, ಅಥವಾ ಕೈಕಾಲು ಸೋತರೆ, ಡೈರಿ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.