ಸಿಟಿ ಹಾಲ್‌ನವರು ‘ಕೌಂಟಿಗೆ ಹೋಗಿ’ ಅಂತಾರೆ, ಯಾಕೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನೂ ನಮ್ಮ ಭಾವನೂ ಸೇರಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಆರ್ಟೀಷಿಯಾ ಸಿಟಿಯಲ್ಲಿ, ಪಯೋನಿಯರ್ ಬುಲೆವಾರ್ಡ್ ಹತ್ತಿರ, ಒಂದು ಚಿಕ್ಕ ದರ್ಶಿನಿ ಶುರು ಮಾಡೋಣ ಅಂತಿದ್ದೇವೆ. ಸಿಟಿ ಹಾಲ್‌ನಲ್ಲಿ ಬಿಸಿನೆಸ್ ಲೈಸೆನ್ಸ್ ಫಾರಂ ಕೊಟ್ಟರು. ಹೆಲ್ತ್ ಪರ್ಮಿಟ್ ಕೇಳಿದರೆ ‘ನಮ್ಮದಲ್ಲ, ಕೌಂಟಿಗೆ ಹೋಗಿ’ ಅಂದರು. ಬೆಂಗಳೂರಲ್ಲಿ ಬಿಬಿಎಂಪಿ ಹೆಲ್ತ್ ಇನ್‌ಸ್ಪೆಕ್ಟರೇ ಬರುತ್ತಿದ್ದರಲ್ವಾ? ಈ ಸಿಟಿಗೆ ಆರೋಗ್ಯ ಇಲಾಖೆಯೇ ಇಲ್ವಾ? ಗ್ರೂಪಿನಲ್ಲಿ ಪಬ್ಲಿಕ್ ಹೆಲ್ತ್‌ನಲ್ಲಿ ಕೆಲಸ ಮಾಡಿದವರು ಸ್ವಲ್ಪ ಬಿಡಿಸಿ ಹೇಳಿ ಸರ್.

ಉತ್ತರ: ಇಲ್ಲ. ಆರ್ಟೀಷಿಯಾ ಒಂದಕ್ಕೇ ಅಲ್ಲ, ಕೌಂಟಿಯ 88 ಸಿಟಿಗಳಲ್ಲಿ ಹೆಚ್ಚುಕಮ್ಮಿ ಯಾವುದಕ್ಕೂ ಇಲ್ಲ. ಲಾಂಗ್ ಬೀಚ್, ಪ್ಯಾಸಡೀನಾಗಳಿಗೆ ಮಾತ್ರ ಸ್ವಂತ ಇಲಾಖೆ ಇದೆ. ಹೋಟೆಲ್ ತಪಾಸಣೆ ಮಟ್ಟಿಗೆ ವರ್ನನ್ ಸಿಟಿ ಕೂಡ ಬೇರೆ. ಉಳಿದ ಕಡೆ ಕೌಂಟಿಯವರೇ ಬರುತ್ತಾರೆ.

ಕ್ಯಾಲಿಫೋರ್ನಿಯಾ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿದೆ. ಸಿಟಿ ಕೌನ್ಸಿಲ್ ಒಂದು ಠರಾವು ಮಾಡಿ ಒಪ್ಪಿದರೆ, ರಾಜ್ಯದ ಆರೋಗ್ಯ ಕಾನೂನು ಜಾರಿ ಮಾಡುವ ಕೆಲಸ ಕೌಂಟಿ ಹೆಲ್ತ್ ಆಫೀಸರ್ ಕೈಗೆ ಹೋಗುತ್ತದೆ. ಆ ಭಾಗದಲ್ಲಿ ಇದು ಹಳೇ ರೂಢಿ. 1954ರಲ್ಲಿ ಹತ್ತಿರದ ಲೇಕ್‌ವುಡ್ ಸಿಟಿಯಾದಾಗ ಸ್ವಂತ ಪೊಲೀಸ್ ಇಲಾಖೆ ಕಟ್ಟಲೇ ಇಲ್ಲ, ಕೌಂಟಿಗೆ ದುಡ್ಡು ಕೊಟ್ಟು ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಸೇವೆ ತಗೊಂಡಿತು. 1959ರಲ್ಲಿ ಸಿಟಿಯಾದ ಆರ್ಟೀಷಿಯಾಕ್ಕೂ ಶೆರಿಫ್ ಕಡೆಯವರೇ ಪೊಲೀಸರು.

ನಿಮ್ಮ ಕೆಲಸಕ್ಕೆ ಬೇಕಾದ್ದು: ಅಡುಗೆಮನೆಗೆ ಒಂದು ಮೊಳೆ ಹೊಡೆಯುವ ಮೊದಲೇ ಕೌಂಟಿಯ ಪ್ಲಾನ್ ಚೆಕ್‌ಗೆ, ಅಂದರೆ ನಕ್ಷೆ ಪರಿಶೀಲನೆಗೆ, ನಕ್ಷೆ ಕೊಡಿ. ಕಟ್ಟಡದ ಪರ್ಮಿಟ್ ಸಿಟಿಯದು, ಅದು ಬೇರೆ. ಎರಡೂ ಕಡೆ ಒಂದೇ ನಕ್ಷೆ ಇರಲಿ. ಮೂರು ತೊಟ್ಟಿಯ ಸಿಂಕ್, ಕೈ ತೊಳೆಯಲು ಬೇರೆ ಸಿಂಕ್, ಇವನ್ನು ಆಮೇಲೆ ತುರುಕಲು ಹೋದರೆ ಗೋಡೆ ಒಡೆಯಬೇಕಾಗುತ್ತದೆ. ದೋಸೆ ಹಿಟ್ಟು ಹುಳಿ ಬರಲು ರಾತ್ರಿಯಿಡೀ ಹೊರಗಿಡುತ್ತೀರಲ್ಲ, ಅದನ್ನೂ ಪ್ಲಾನ್ ಚೆಕ್ ಹೊತ್ತಿಗೇ ಹೇಳಿಬಿಡಿ. ಇನ್‌ಸ್ಪೆಕ್ಟರ್ ಥರ್ಮಾಮೀಟರ್ ಚುಚ್ಚಿ ನೋಡುವುದು ಇಷ್ಟೇ: ಕೆಡುವ ಪದಾರ್ಥ ತಣ್ಣಗಿಟ್ಟಿದ್ದರೆ 41 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಜಾಸ್ತಿ ಇರಬಾರದು, ಬಿಸಿ ಇಡುವುದು 135ಕ್ಕಿಂತ ಇಳಿಯಬಾರದು. ಕೌಂಟರ್ ಮೇಲೆ ಬಕೆಟ್ ತುಂಬಾ ಹಿಟ್ಟು ಕಂಡರೆ ಪ್ರಶ್ನೆ ಬಂದೇ ಬರುತ್ತದೆ. ಆಗ ತಡವರಿಸುವುದಕ್ಕಿಂತ ಮೊದಲೇ ಕಾಗದದ ಮೇಲೆ ಇರುವುದು ಒಳ್ಳೆಯದು.

ಪ್ರಶ್ನೆ (ಇನ್ನೊಬ್ಬರು): ಇದಕ್ಕೆಲ್ಲ ದುಡ್ಡು ಯಾರದ್ದು ಸರ್? ಸಿಟಿಯವರು ಸುಮ್ನೆ ಕೈ ತೊಳೆದುಕೊಂಡರಾ?

ಉತ್ತರ: ಹೋಟೆಲ್ ತಪಾಸಣೆಯ ಖರ್ಚು ಬಹುಪಾಲು ನಿಮ್ಮ ಪರ್ಮಿಟ್ ಫೀಸಿನಿಂದಲೇ. ಆದರೆ ಸಿಟಿ ತನ್ನದೇ ಒಂದು ನಿಯಮ ಮಾಡಿ, ಅದನ್ನೂ ನೀವೇ ಜಾರಿ ಮಾಡಿ ಅಂದರೆ ಕೌಂಟಿ ಜೊತೆ ಬೇರೆ ಕರಾರು ಬೇಕು. ಜಗಳ ಹುಟ್ಟುವುದು ಇಲ್ಲೇ. ಇನ್‌ಸ್ಪೆಕ್ಟರ್ ಬರಲಿಲ್ಲ ಅಂತ ಜನ ಸಿಟಿಯನ್ನು ಬೈತಾರೆ, ಸಿಟಿ ಕೌಂಟಿಯತ್ತ ಬೆರಳು ತೋರಿಸುತ್ತದೆ. ಯಾವ ಕೆಲಸ, ವರ್ಷಕ್ಕೆ ಎಷ್ಟು ಸಲ, ದೂರು ಬಂದರೆ ಎಷ್ಟು ದಿನದೊಳಗೆ ಅನ್ನುವುದು ಕರಾರಿನಲ್ಲಿ ಬರೆದಿರಬೇಕು. ‘ಅಗತ್ಯಕ್ಕೆ ತಕ್ಕಂತೆ’ ಅಂತ ಬರೆದ ಕರಾರು ಅಂದರೆ ನನಗೆ ಭಯ.

ಇನ್ನೊಂದು ಸೂಕ್ಷ್ಮ ಇದೆ. ಹೋಟೆಲ್ ಕಿಟಕಿಯಲ್ಲಿ ದೊಡ್ಡ ‘ಎ’ ಕಾರ್ಡ್ ನೋಡಿದ್ದೀರಲ್ಲ, 90 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದವರಿಗೆ. ಅದು 1998ರಲ್ಲಿ ಕೌಂಟಿಯ ಸ್ವಂತ ನಿಯಮವಾಗಿ ಶುರುವಾಯಿತು. ತಪಾಸಣೆ ರಾಜ್ಯದ ಕಾನೂನು, ಕಾರ್ಡ್ ಮಾತ್ರ ಕೌಂಟಿಯದು. ಹಾಗಾಗಿ ಸಿಟಿಯೊಳಗೆ ಕಾರ್ಡ್ ಬರಬೇಕಾದರೆ ಆ ಸಿಟಿ ಕೌನ್ಸಿಲ್ ಅದನ್ನು ಒಪ್ಪಿ ಪಾಸು ಮಾಡಬೇಕಿತ್ತು.

ಪ್ರಶ್ನೆ: ಹಾಗಾದರೆ ಕೋವಿಡ್ ಟೈಮಲ್ಲಿ ಕೆಲವು ಸಿಟಿಗಳು ಕೌಂಟಿ ಬಿಟ್ಟು ಹೋಗ್ತೀವಿ ಅಂತ ಗಲಾಟೆ ಮಾಡಿದ್ದು ಇದಕ್ಕೇನಾ?

ಉತ್ತರ: ಹೌದು. 2020ರ ನವೆಂಬರ್‌ನಲ್ಲಿ ಕೌಂಟಿ ಹೋಟೆಲ್‌ಗಳ ಹೊರಾಂಗಣ ಊಟವನ್ನೂ ನಿಲ್ಲಿಸಿತು. ಪ್ಯಾಸಡೀನಾ ಸ್ವಂತ ಹೆಲ್ತ್ ಆಫೀಸರ್ ಇದ್ದದ್ದರಿಂದ ಆಗ ಅದನ್ನು ಒಪ್ಪದೆ ಹೊರಾಂಗಣ ಊಟ ನಡೆಯಲು ಬಿಟ್ಟಿತು. ಲಾಂಗ್ ಬೀಚ್‌ಗೂ ಆ ಅಧಿಕಾರ ಇತ್ತು, ಆದರೂ ಮುಚ್ಚಿಸಿತು. ಮಿಕ್ಕ ಸಿಟಿಗಳಿಗೆ ಆ ಆಯ್ಕೆಯೇ ಇರಲಿಲ್ಲ. ವೆಸ್ಟ್ ಕೋವಿನಾ ಕೌನ್ಸಿಲ್ 2021ರಲ್ಲಿ ಸ್ವಂತ ಇಲಾಖೆ ಮಾಡಲು ಹೊರಟಿತು.

ನನ್ನ ಅಭಿಪ್ರಾಯ ಕೇಳಿದರೆ, ಸಿಟ್ಟಿನ ಮೇಲೆ ಇಲಾಖೆ ಕಟ್ಟಬಾರದು. ಹೆಲ್ತ್ ಆಫೀಸರ್ ಆಗಲು ಡಾಕ್ಟರ್ ಬೇಕು. ಟಿಬಿ, ದಡಾರ ಅಂತ ವರದಿ ಬಂದರೆ ಯಾವ ಹೊತ್ತಿಗೂ ಫೋನ್ ಎತ್ತುವವರು ಬೇಕು. ಸ್ಯಾಂಪಲ್ ಕಳಿಸಲು ಲ್ಯಾಬ್ ಬೇಕು. ಆರ್ಟೀಷಿಯಾದಂಥ ಪುಟ್ಟ ಸಿಟಿಗೆ ಇದು ಕೈಮೀರಿದ ಮಾತು. ಆದರೆ ಕೌಂಟಿ ಕೈಗೆ ಕೊಟ್ಟ ಮೇಲೆ ತೀರ್ಮಾನವೂ ಕೌಂಟಿಯದೇ ಅಂತ ಕೌನ್ಸಿಲ್‌ನವರು ಜನಕ್ಕೆ ಮೊದಲೇ ಹೇಳಬೇಕಿತ್ತು. ಹೇಳಿದ್ದು ಕಡಿಮೆ.

ಪ್ರಶ್ನೆ: ನಮ್ಮ ಅತ್ತೆ ಆರ್ಟೀಷಿಯಾ ಪಕ್ಕದ ಸೆರಿಟೋಸ್‌ ಸಿಟಿಯಲ್ಲಿ ಮನೆಯಿಂದಲೇ ಬಿಸಿಬೇಳೆಬಾತ್ ಮಾಡಿ ಮಾರ್ತಾರೆ. ಅವರು ಯಾರನ್ನು ಕೇಳಬೇಕು?

ಉತ್ತರ: ಕೌಂಟಿಯನ್ನೇ ಮೇಡಂ. ಮನೆ ಅಡುಗೆ ಮಾರಾಟಕ್ಕೆ 2024ರ ನವೆಂಬರ್‌ನಿಂದ ಕೌಂಟಿ ಪರ್ಮಿಟ್ ಕೊಡುತ್ತಿದೆ. ಇಲ್ಲಿ ಸಿಟಿ ಬೇರೆಯಾಗಿ ಒಪ್ಪಬೇಕಾಗಿಲ್ಲ, ರಾಜ್ಯದ ಕಾನೂನೇ ಹಾಗಿದೆ. ದಿನಕ್ಕೆ 30 ಊಟ, ವಾರಕ್ಕೆ 90, ಅಷ್ಟೇ. ಆಹಾರ ಸುರಕ್ಷತೆಯ ಪರೀಕ್ಷೆ ಪಾಸಾಗಬೇಕು. ಪರ್ಮಿಟ್ ಇಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತಗೊಳ್ಳೋದು ಸದ್ಯಕ್ಕೆ ನಿಲ್ಲಿಸಲಿ.