ಸೈಲೆನ್ಸರ್ ಬದಲಾಯಿಸಿದ್ರೆ ಜೊತೆಗೆ ಇನ್ನೇನು ಮಾಡಿಸ್ಬೇಕು? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ): ಅಣ್ಣಾ, ನಂದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಕಂಪನಿ ಸೈಲೆನ್ಸರ್ ತೆಗ್ದು ಬೇರೆ ಹಾಕಿಸೋಣ ಅಂತಿದ್ದೀನಿ. ಅಂಗಡಿಯವ್ರು 'ಹಾಕ್ಕೊಂಡು ಓಡಿಸಿ, ಬೇರೇನೂ ಬೇಡ' ಅಂತಾರೆ. ಬೆಂಗಳೂರಲ್ಲಿರೋ ಫ್ರೆಂಡ್ 'ಏರ್ ಫಿಲ್ಟರ್ ಬದಲಾಯಿಸ್ಬೇಕು, ಇಸಿಯು (ಪೆಟ್ರೋಲ್ ಲೆಕ್ಕ ನೋಡೋ ಕಂಪ್ಯೂಟರ್) ಟ್ಯೂನ್ ಮಾಡಿಸ್ಬೇಕು, ಇಲ್ಲಾಂದ್ರೆ ಎಂಜಿನ್ ಹೋಗುತ್ತೆ' ಅಂತಾನೆ. ವಾರವಾರ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗ್ತೀನಿ. ಯಾರ ಮಾತು ಕೇಳ್ಲಿ?

ಉತ್ತರ: ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ ತಮ್ಮಾ. ಪೈಪನ್ನ ಎಲ್ಲಿಂದ ಬಿಚ್ತೀಯ ಅನ್ನೋದೇ ಮುಖ್ಯ.

ನಿನ್ನ ಗಾಡಿ ಇಂಜೆಕ್ಷನ್‌ದು, ಅಂದ್ರೆ ಕಾರ್ಬೊರೇಟರ್ ಬದಲು ಇಸಿಯು ಅಳೆದು ಪೆಟ್ರೋಲ್ ಚಿಮ್ಮಿಸುತ್ತೆ. ಎಂಜಿನ್‌ನಿಂದ ಸೈಲೆನ್ಸರ್‌ಗೆ ಬರೋ ಬೆಂಡ್ ಪೈಪಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಇರುತ್ತೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ನೋಡಿ ಅದು ಇಸಿಯುಗೆ ಹೇಳುತ್ತೆ, ಇಸಿಯು ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುತ್ತೆ. ಆ ಸೆನ್ಸರ್ರು, ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ರು (ಕ್ಯಾಟ್) ಎರಡೂ ತಮ್ಮ ಜಾಗದಲ್ಲೇ ಉಳಿದು, ಹಿಂದಿನ ಸೈಲೆನ್ಸರ್ ಡಬ್ಬ ಒಂದನ್ನೇ ಬದಲಾಯಿಸಿದ್ರೆ ಟ್ಯೂನಿಂಗ್ ಬೇಕಾಗಲ್ಲ. ಇಸಿಯು ತಾನೇ ಹೊಂದಿಸ್ಕೊಳ್ಳುತ್ತೆ. ಒಂದು ಹೊಸ ಗ್ಯಾಸ್ಕೆಟ್ ಹಾಕ್ಸಿ, ಕ್ಲ್ಯಾಂಪ್ ಸರಿಯಾಗಿ ಟೈಟ್ ಮಾಡ್ಸು, ಸಾಕು. ಅಂಗಡಿಯವ್ರು ಹೇಳಿದ್ದು ಅಲ್ಲೀವರೆಗೆ ಸರಿ.

ಆದ್ರೆ ಏರ್ ಫಿಲ್ಟರ್ ಮಾತ್ರ ಮುಟ್ಟಬೇಡ. ಬಯಲುಸೀಮೆಯವರಿಗೆ ನಡೆಯೋದು ನಮ್ಮಲ್ಲಿ ನಡೆಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುತ್ತೆ. ಜುಲೈಯಲ್ಲಿ ಬರೀ ಮಂಜಲ್ಲಿ ಹೋದ್ರೂ ಜಾಕೆಟ್ ತೊಯ್ದು ಹೋಗುತ್ತೆ. ಕಂಪನಿ ಏರ್ ಬಾಕ್ಸ್ ಗಾಳಿಯನ್ನ ಸುತ್ತಿ ಬಳಸಿ ಎಳ್ಕೊಳ್ಳೋದೇ ನೀರು, ಕೆಸರು ಒಳಗೆ ಬರಬಾರದು ಅಂತ. ಅದನ್ನ ಕಿತ್ತು ಓಪನ್ ಫಿಲ್ಟರ್ ಹಾಕಿದ್ರೆ ಮಳೆಗಾಲದಲ್ಲಿ ನೀರಿನ ಹನಿ, ಬೇಸಿಗೆಯಲ್ಲಿ ಕೆಂಪು ಧೂಳು ಸೀದಾ ಬೋರ್‌ಗೆ (ಪಿಸ್ಟನ್ ಓಡೋ ಕೊಳವೆಗೆ) ಹೋಗುತ್ತೆ.

ಕೊಳ್ಳೋ ಮುಂಚೆ ಹೊಸ ಸೈಲೆನ್ಸರನ್ನ ಮಗುಚಿ ಅದರ ಹೊಟ್ಟೆ ನೋಡು. ಕಂಪನಿಯದರ ಅಡಿಯಲ್ಲಿ ಕಡ್ಲೆಬೇಳೆ ತೂರುವಷ್ಟು ಸಣ್ಣ ತೂತು ಇರುತ್ತೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತೆ. ತಣ್ಣಗಿರೋ ಸೈಲೆನ್ಸರ್ ಒಳಗೆ ಅದು ಹನಿಯಾಗಿ, ಆ ತೂತಿನಿಂದ ಇಳಿದು ಹೋಗುತ್ತೆ. ಅಗ್ಗದ ಮಾಲಿನಲ್ಲಿ ಎಷ್ಟೋ ಸಲ ಆ ತೂತೇ ಇರಲ್ಲ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ಚಿಕ್ಕ ಓಡಾಟ ಇದ್ರೆ ಸೈಲೆನ್ಸರ್ ಪೂರ್ತಿ ಬಿಸಿಯಾಗಲ್ಲ, ನೀರು ಒಳಗೇ ನಿಲ್ಲುತ್ತೆ. ಹೊರಗೆ ಕ್ರೋಮ್ ಫಳಫಳ ಅಂತಿರುವಾಗಲೇ ಒಳಗಿಂದ ತುಕ್ಕು ತಿಂದು ಹಾಕಿರುತ್ತೆ. ಸ್ಟೇನ್‌ಲೆಸ್ ಸ್ಟೀಲಿಂದು ತಗೋ, ದುಡ್ಡು ಸ್ವಲ್ಪ ಜಾಸ್ತಿಯಾದ್ರೂ ಪರವಾಗಿಲ್ಲ.

ಪಿಕಪ್ ಸಿಗುತ್ತೆ ಅಂತ ಹಾಕಿಸೋದಾದ್ರೆ ಬೇಡವೇ ಬೇಡ. ನಿನ್ನ ಎಂಜಿನ್‌ದು 20.2 ಬಿಎಚ್‌ಪಿ, 4,000 ಆರ್‌ಪಿಎಮ್‌ಗೆ 27 ಎನ್‌ಎಮ್ ಟಾರ್ಕ್. ಡಬ್ಬ ಬದಲಾಯಿಸಿದ್ರೆ ಓಡಿಸೋವಾಗ ಗೊತ್ತಾಗುವಷ್ಟು ಪವರ್ ಏರಲ್ಲ. ತೀರಾ ಓಪನ್ ಪೈಪ್ ಆದ್ರೆ ಕೆಳಗಿನ ಆರ್‌ಪಿಎಮ್‌ನ ಎಳೆತ ಇನ್ನೂ ಕಮ್ಮಿ ಆಗ್ಬಹುದು, ಆಗುಂಬೆಯ 14 ತಿರುವಲ್ಲಿ ನಿನಗೆ ಬೇಕಾಗಿರೋದು ಅದೇ ಎಳೆತ. ಘಾಟಿ ಹತ್ತೋಕೆ ಸುಲಭ ಆಗ್ಬೇಕು ಅಂದ್ರೆ ಚೈನ್ ಎಳೆಯೋ ಮುಂದಿನ ಸ್ಪ್ರಾಕೆಟಲ್ಲಿ ಒಂದು ಹಲ್ಲು ಕಮ್ಮಿ ಮಾಡಿಸು. ಟಾಪ್ ಸ್ಪೀಡು ಸ್ವಲ್ಪ ಇಳಿಯುತ್ತೆ, ಏರಲ್ಲಿ ಗಾಡಿ ಹಗುರ ಅನ್ಸುತ್ತೆ.

ಅದೇ ತೀರ್ಥಹಳ್ಳಿಯವರು: ಕ್ಯಾಟನ್ನೂ ತೆಗ್ಸಿ ಬೆಂಡ್ ಪೈಪಿಂದ ಹಿಡಿದು ಫುಲ್ ಸಿಸ್ಟಮ್ ಹಾಕ್ಸಿದ್ರೆ?

ಉತ್ತರ: ಆಗ ನಿನ್ನ ಫ್ರೆಂಡ್ ಮಾತು ನಿಜ ಆಗುತ್ತೆ. ಸೆನ್ಸರ್ ಮಾತು ಇಸಿಯು ಕೇಳೋದು ಒಂದೇ ಹದದಲ್ಲಿ ಓಡಿಸೋವಾಗ. ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಕಂಪನಿ ಬರೆದಿಟ್ಟ ಲೆಕ್ಕದಂತೆ ಪೆಟ್ರೋಲ್ ಬಿಡುತ್ತೆ. ಆ ಲೆಕ್ಕ ಹಳೇ ಪೈಪಿಗೆ ಹಾಕಿದ್ದು. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತೆ. ರೀಮ್ಯಾಪ್ (ಇಸಿಯು ಲೆಕ್ಕ ಹೊಸದಾಗಿ ಬರೆಯೋದು) ಅಥವಾ ಪೆಟ್ರೋಲ್ ಹೊಂದಿಸೋ ಫ್ಯುಯೆಲ್ ಕಂಟ್ರೋಲರ್ ಬೇಕೇ ಬೇಕು.

ಆದ್ರೆ ಕ್ಯಾಟ್ ತೆಗೆಯೋ ಕೆಲಸ ನಾನು ಮಾಡಲ್ಲ. ಅದು ಕಾನೂನಿಗೂ ವಿರುದ್ಧ. 175 ಸಿಸಿ ಮೇಲಿನ ಬೈಕುಗಳಿಗೆ ತಯಾರಿಕೆ ಹಂತದಲ್ಲಿ ಇರೋ ಶಬ್ದದ ಮಿತಿ 80 ಡೆಸಿಬಲ್. ಶಬ್ದ, ಹೊಗೆ ಮಿತಿ ಮೀರಿದ್ರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗ್ಬಹುದು. ಮೂರು ತಿಂಗಳು ಲೈಸೆನ್ಸೂ ಹೋಗುತ್ತೆ. ನೀನು ಶಿವಮೊಗ್ಗಕ್ಕೆ ಬರೋ ದಾರಿಯಲ್ಲೇ ಮಂಡಗದ್ದೆ ಇದೆ. ಮಳೆಗಾಲದಲ್ಲಿ ರಸ್ತೆ ಪಕ್ಕದ ತುಂಗೆಯ ನಡುಗಡ್ಡೆ ಮರಗಳ ತುಂಬ ಹಕ್ಕಿಗಳು ಗೂಡು ಕಟ್ಟಿರ್ತವೆ. ಮುಂದೆ ಸಕ್ರೆಬೈಲಿನ ಆನೆ ಬಿಡಾರ. ಅಲ್ಲಿ ಪಟಾಕಿ ಹೊಡೆದಂಗೆ ಸದ್ದು ಮಾಡ್ಕೊಂಡು ಹೋಗೋ ಗಾಡಿ ಕಂಡ್ರೆ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಸೈಲೆನ್ಸರ್ ಬಾಯಲ್ಲಿ ಸದ್ದು ಕಮ್ಮಿ ಮಾಡೋ ಡಿಬಿ ಕಿಲ್ಲರ್ ಇದ್ರೆ ಅದನ್ನ ಯಾವತ್ತೂ ಬಿಚ್ಚಬೇಡ.

ಪ್ರಶ್ನೆ (ಸಾಗರ): ನಮ್ಮಪ್ಪನ ಯಮಹಾ ಆರ್‌ಎಕ್ಸ್ 100 ಇದೆ. ಹಳೇ ಸೈಲೆನ್ಸರ್ ತೂತು ಬಿದ್ದಿದೆ. ಎಕ್ಸ್‌ಪಾನ್ಷನ್ ಚೇಂಬರ್ (ಪವರ್‌ಗಾಗಿ ಹಾಕೋ ಹೊಟ್ಟೆ ಉಬ್ಬಿದ ಪೈಪ್) ಹಾಕಿಸ್ಬಹುದಾ?

ಉತ್ತರ: ಟು ಸ್ಟ್ರೋಕ್ ಲೆಕ್ಕವೇ ಬೇರೆ ಮಾರಾಯ್ರೆ. ಅದ್ರಲ್ಲಿ ಹೊಗೆ ಬಿಡೋಕೆ ವಾಲ್ವ್ ಇಲ್ಲ, ಸಿಲಿಂಡರ್ ಗೋಡೆಯಲ್ಲಿ ಬರೀ ಪೋರ್ಟು, ಅಂದ್ರೆ ಕಿಂಡಿ. ಹೊಗೆ ಹೊರಗೆ ಹೋಗುವಾಗ ಹೊಸ ಪೆಟ್ರೋಲ್ ಗಾಳಿಯೂ ಸ್ವಲ್ಪ ಅದರ ಹಿಂದೆ ಜಾರುತ್ತೆ. ಪೈಪಿನ ಕೊನೆಗೆ ಬಡಿದು ವಾಪಸ್ ಬರೋ ಒತ್ತಡದ ಅಲೆ, ಪೋರ್ಟ್ ಮುಚ್ಚೋ ಮುಂಚೆ ಅದನ್ನ ಒಳಗೆ ನೂಕುತ್ತೆ. ಪೈಪಿನ ಉದ್ದ, ಆಕಾರ ಎಲ್ಲ ಆ ಹೊತ್ತಿಗೆ ಹೊಂದಿಸಿ ಮಾಡಿದ್ದು. 98 ಸಿಸಿಯಲ್ಲಿ 11 ಬಿಎಚ್‌ಪಿ ಬಂದಿದ್ದರಲ್ಲಿ ಪೈಪಿಂದೂ ಪಾಲಿದೆ.

ಹಾಗಾಗಿ ಚೇಂಬರ್ ಹಾಕಿದ್ರೆ ಕಾರ್ಬೊರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ಮೇನ್ ಜೆಟ್ ಹೊಂದಿಸಲೇಬೇಕು. ಈಗ ಬಂಕಲ್ಲಿ ಸಿಗೋ 20% ಎಥನಾಲ್ ಪೆಟ್ರೋಲ್ ಬೇರೆ, ಹಳೇ ಕಾರ್ಬೊರೇಟರಲ್ಲಿ ಮಿಶ್ರಣವನ್ನ ಇನ್ನಷ್ಟು ತೆಳು ಮಾಡುತ್ತೆ, ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲಲ್ಲ. ಎರಡೂ ಸೇರಿದ್ರೆ ಪಿಸ್ಟನ್ ಸೀಜ್ ಆಗೋಕೆ (ಬಿಸಿಗೆ ಕಚ್ಕೊಂಡು ನಿಲ್ಲೋಕೆ) ಜೋಗದ ಏರು ಒಂದು ಸಾಕು. ದೊಡ್ಡ ಜೆಟ್ಟಿಂದ ಶುರು ಮಾಡಿ, ಒಂದೊಂದೇ ಸೈಜ್ ಇಳಿಸ್ತಾ ಬನ್ನಿ. ಪ್ರತಿ ಸಲ ಖಾಲಿ ನೇರ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಹಿಡಿದು ಕೀ ಆಫ್ ಮಾಡಿ, ಗಾಡಿ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿಯ ಪಿಂಗಾಣಿ ತಿಳಿ ಕಂದು ಇರ್ಬೇಕು. ಬೆಳ್ಳಗಿದ್ರೆ ಕೂಡಲೇ ದೊಡ್ಡ ಜೆಟ್ಟಿಗೆ ಹಿಂದಿರುಗಿ. ನನ್ನ ಕೇಳಿದ್ರೆ, ಅಪ್ಪನ ಗಾಡಿ ದಿನಾ ಓಡಬೇಕು ಅಂದ್ರೆ ಕಂಪನಿ ಅಳತೆಯ ಸೈಲೆನ್ಸರನ್ನೇ ಹುಡುಕಿ ಹಾಕಿ.

ಪ್ರಶ್ನೆ (ಕೊಪ್ಪ): ಅಣ್ಣಾ, ನನ್ನ 2016ರ ಕ್ಲಾಸಿಕ್ 350ಗೆ ಬೇರೆ ಸೈಲೆನ್ಸರ್ ಹಾಕ್ಸಿ ಆಗಿದೆ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ರೆ ಪಟ್ ಪಟ್ ಅಂತ ಹೊಡೆಯುತ್ತೆ.

ಉತ್ತರ: ಜೆಟ್ಟಿಗೆ ಕೈ ಹಾಕೋ ಮುಂಚೆ ಜಾಯಿಂಟ್ ನೋಡಿ ಅಕ್ಕಾ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿ ಒಂದೆರಡು ಕ್ಷಣ ಅದುಮಿ ಹಿಡೀರಿ. ಬೆಂಡ್ ಪೈಪ್ ಎಂಜಿನ್‌ಗೆ ಸೇರೋ ಕಡೆ ಅಥವಾ ಕ್ಲ್ಯಾಂಪ್ ಹತ್ರ ಸುಯ್ ಅಂದ್ರೆ, ಇಲ್ಲಾ ಅಲ್ಲಿ ಕಪ್ಪು ಮಸಿ ಕಂಡ್ರೆ, ಗ್ಯಾಸ್ಕೆಟ್ ಸೋರ್ತಿದೆ. ಅಲ್ಲಿಂದ ಒಳಗೆ ಬಂದ ಗಾಳಿ ಸಿಕ್ಕಿ, ಉರಿಯದೆ ಉಳಿದ ಪೆಟ್ರೋಲ್ ಪೈಪಲ್ಲೇ ಹೊತ್ಕೊಳ್ಳುತ್ತೆ. ಜಾಯಿಂಟ್ ಸರಿ ಇದ್ರೆ, ನಿಮ್ಮದು ಕಾರ್ಬೊರೇಟರ್ ಗಾಡಿ ಆಗಿರೋದ್ರಿಂದ, ಮಿಕ್ಸ್‌ಚರ್ ಸ್ಕ್ರೂ ಕಾಲು ಸುತ್ತಿನಷ್ಟು ಪೆಟ್ರೋಲ್ ಕಡೆಗೆ ತಿರುಗಿಸಿ ನೋಡಿ. ಅದಕ್ಕೂ ನಿಲ್ಲದಿದ್ರೆ ಕಮ್ಮಿ ಆಕ್ಸಿಲರೇಟರಲ್ಲಿ ಪೆಟ್ರೋಲ್ ಬಿಡೋ ಪೈಲಟ್ ಜೆಟ್ ಒಂದು ಸೈಜ್ ದೊಡ್ಡದು ಹಾಕ್ಸಿ.