ಸಹಾಯ ಬೇಕು: ‘ಮಲೆಗಳಲ್ಲಿ ಮದುಮಗಳು’ ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ಕಾರಂತರನ್ನು ಓದಿ ಬೆಳೆದವಳು. ‘ಬೆಟ್ಟದ ಜೀವ’ದ ಗೋಪಾಲಯ್ಯ ನನಗೆ ನಮ್ಮ ತೋಟದಾಚೆಯ ಮನೆಯ ಹಿರಿಯರಂತೆಯೇ ಅನ್ನಿಸುತ್ತಾರೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನಂತೂ ಯಾವಾಗ ಕೈಗೆತ್ತಿಕೊಂಡರೂ ಮುಗಿಸದೆ ಏಳುವುದಿಲ್ಲ. ಒಬ್ಬರ ಬದುಕನ್ನು ಹಿಡಿದು ಕೊನೆಯವರೆಗೆ ಹೋಗುವ ಕಾದಂಬರಿಗಳೇ ನನಗೆ ಇಷ್ಟ.

ಕುವೆಂಪು ಅವರ 1967ರ ಈ ಕಾದಂಬರಿಯಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ. ಗುತ್ತಿ, ಅವನ ನಾಯಿ ಹುಲಿಯ, ಆ ಕಾಡುದಾರಿ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಐತ, ಪೀಂಚಲು ಘಟ್ಟದ ಕೆಳಗಿನವರಾದ್ದರಿಂದ ಅವರ ಮೇಲೆ ವಿಶೇಷ ಅಕ್ಕರೆಯೂ ಹುಟ್ಟಿದೆ. ಆದರೆ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ ಎಂದು ಕತೆ ಮನೆಯಿಂದ ಮನೆಗೆ ಹೊರಳಿದಾಗ ಯಾರು ಯಾರ ಸಂಬಂಧಿ, ಯಾವ ಆಳು ಯಾವ ಮನೆಯವನು ಎಂಬುದೇ ಕಲಸಿಹೋಗುತ್ತದೆ.

ಮನೆತನಗಳ ಪಟ್ಟಿ ಬರೆದಿಟ್ಟು ಓದಿದೆ. ಪಟ್ಟಿ ನೋಡುವುದರಲ್ಲೇ ಓದಿನ ಸುಖ ಹೋಯಿತು. ಗಟ್ಟಿಯಾಗಿ ಓದಿದಾಗ ಭಾಷೆಯ ಸೊಗಸು ಸಿಕ್ಕಿತು, ಎಳೆ ಸಿಗಲಿಲ್ಲ. ನಮ್ಮ ಗ್ರಂಥಾಲಯದ ಹಿರಿಯರೊಬ್ಬರು 1936ರ ‘ಕಾನೂರು ಹೆಗ್ಗಡಿತಿ’ಯನ್ನು ಮೊದಲು ಓದು ಎನ್ನುತ್ತಾರೆ. ಗೆಳತಿ ಅದೆಲ್ಲ ಬೇಡ, ಹೆಸರುಗಳನ್ನು ಮರೆತು ಮುಂದೆ ಸಾಗು ಎನ್ನುತ್ತಾಳೆ. ಇಷ್ಟು ದೊಡ್ಡ ಕೃತಿಯನ್ನು ಅರ್ಧಕ್ಕೆ ಬಿಡಲು ನನಗೆ ಮನಸ್ಸಿಲ್ಲ.

ಪೂರ್ತಿ ಓದಿದವರು ದಯವಿಟ್ಟು ತಿಳಿಸಿ: ಮೊದಲ ಓದಿನಲ್ಲಿ ಯಾವ ಜೋಡಿಯ ಅಥವಾ ಯಾವ ಮನೆಯ ಕತೆಯನ್ನು ಹಿಡಿದುಕೊಂಡು ಹೋದರೆ ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ? ‘ಕಾನೂರು ಹೆಗ್ಗಡಿತಿ’ಯನ್ನು ಮೊದಲು ಓದುವುದು ನಿಜಕ್ಕೂ ಅಗತ್ಯವೇ?